ಲೇಡೀಸ್ ಬೋಗಿಯಲ್ಲಿ ಹೇಳಿದ ಸುಳ್ಳು

ಬೂದಿಕೋಟೆ ಹತ್ತಿರ, ನಮ್ಮೂರಿನಿಂದ
3 ಫೆಬ್ರವರಿ 2025

ಸುಮಿತಾ,

ಕಾಗದ ನೋಡಿ ಹೆದರಬೇಡ, ಯಾರೂ ಸತ್ತಿಲ್ಲ. ನನ್ನ ಫೋನು ಅಪ್ಪನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ, ಕಾಲೇಜು ನಿಂತಿದೆ, ನಾನು ಬೆಳಿಗ್ಗೆ ಸಂಜೆ ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆಯುವ ಕೆಲಸಕ್ಕೆ ಬಿದ್ದಿದ್ದೇನೆ. ಊರಿಗೆ ಬರುವ ಟಪಾಲನ್ನೆಲ್ಲ ಪೋಸ್ಟ್‌ಮ್ಯಾನ್ ಡೈರಿಯಲ್ಲೇ ಕೊಟ್ಟು ಹೋಗುತ್ತಾನೆ. ಆದ್ದರಿಂದ ಡೈರಿಯ ವಿಳಾಸಕ್ಕೆ ಬರೆ, ನೇರ ನನ್ನ ಕೈಗೇ ಸಿಗುತ್ತದೆ. ಇಪ್ಪತ್ತೊಂದು ವರ್ಷದವಳು ಹೀಗೆ ಕದ್ದು ಕಾಗದ ಬರೆಯುವ ಕಾಲ ಇನ್ನೂ ಮುಗಿದಿಲ್ಲವಲ್ಲ ಎಂದು ನಗು ಬರುತ್ತದೆ.

ಈಗ ಬೈಗುಳ. ಯಾಕೆ ಹಾಗೆ ಹೇಳಿದೆ?

ಆ ದಿನದ್ದನ್ನು ಬಿಡದೆ ತಲೆಯಲ್ಲಿ ಓಡಿಸುತ್ತಿದ್ದೇನೆ. ನೀನು ಕೋರಮಂಡಲ್‌ನಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ನುಗ್ಗಿಕೊಂಡು ಹತ್ತುವ ನನಗೋಸ್ಕರ ಪಕ್ಕದ ಸೀಟಿನ ಮೇಲೆ ನಿನ್ನ ಫುಟ್‌ಬಾಲ್ ಜರ್ಸಿ ಹಾಸಿಟ್ಟಿದ್ದೆ, ಎರಡು ವರ್ಷದಿಂದ ಇಡುತ್ತಿದ್ದ ಹಾಗೆಯೇ. ನಮ್ಮ ಲೇಡೀಸ್ ಬೋಗಿಯ ಕಾಯಿದೆ ಗೊತ್ತಲ್ಲ, ಒಬ್ಬರು ಒಬ್ಬರಿಗೆ ಮಾತ್ರ ಸೀಟು ಹಿಡಿಯಬಹುದು. ಗಾರ್ಮೆಂಟ್ಸ್‌ಗೆ ಹೋಗುವ ಅತ್ತೆ ಸೊಸೆಗೆ ಹಿಡಿಯುತ್ತಾಳೆ, ಅಕ್ಕ ತಂಗಿಗೆ ಹಿಡಿಯುತ್ತಾಳೆ, ಜಗಳವಾದರೆ ಬಿಟ್ಟುಬಿಡುತ್ತಾರೆ. ಯಾರಿಗೆ ಯಾರು ಬೇಕಾದವರು ಎನ್ನುವುದು ಇಡೀ ಬೋಗಿಗೆ ಆ ಸೀಟಿನಿಂದಲೇ ತಿಳಿಯುತ್ತದೆ. ನಮ್ಮ ಕ್ಲಾಸಿನ ಕಲ್ಪನ ಒಂದು ಸಲ ತನಗೂ ಹಿಡಿ ಎಂದು ನಿನ್ನನ್ನು ಕೇಳಿ ಇಲ್ಲ ಅನ್ನಿಸಿಕೊಂಡಿದ್ದಳು. ಅವಳಿಗೆ ಅಂದಿನಿಂದಲೂ ಹೊಟ್ಟೆಯುರಿ.

ಅವಳು ಎಲ್ಲರೆದುರು, ಹೂ ಕಟ್ಟುತ್ತಿದ್ದವರೂ ಅವರೆಕಾಯಿ ಸುಲಿಯುತ್ತಿದ್ದವರೂ ಕೈ ನಿಲ್ಲಿಸುವ ಹಾಗೆ ಕೇಳಿಯೇಬಿಟ್ಟಳು. "ನಮ್ಮೂರಲ್ಲಿ ಗಂಡಂದ್ರೂ ಎಂಡ್ತೀರ್ಗೆ ಇಂಗೆ ಸೀಟಿಡಿಯಲ್ಲ. ನಿಮ್ಮಿಬ್ರಲ್ಲಿ ಯಾರೇ ಅಂತೋಳು?"

ಅದಕ್ಕೆ ಉತ್ತರ ನಾನು. ಡಿಸೆಂಬರಿನಲ್ಲಿ ಇದೇ ರೈಲಿನ ಬಾಗಿಲ ಬಳಿ ನಿಂತು, ನನ್ನ ಮನಸ್ಸು ಹೆಂಗಸರ ಕಡೆಗೇ ಹೋಗುತ್ತದೆ, ಈಗ ನಿನ್ನ ಮೇಲೆ ಹೋಗಿದೆ ಎಂದು ಹೇಳಿದವಳು ನಾನು. ನೀನು "ನಂಗೆ ಅಂಗಿಲ್ಲ ಕಣೇ. ಆದ್ರೆ ನಾಳೆ ಸೀಟು ಇರ್ತದೆ" ಅಂದಿದ್ದೆ. ಮಾರನೆಯ ದಿನ ಸೀಟು ಇತ್ತು. ನಾನು ಅದರಲ್ಲಿ ಕೂತು ಟೇಕಲ್ ದಾಟುವವರೆಗೂ ಅಳುತ್ತಿದ್ದೆ, ನೀನು ಕಡ್ಲೆಕಾಯಿ ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಿದ್ದೆ.

ಅಂಥಾದ್ದರಲ್ಲಿ ನೀನು ಎದ್ದು ನಿಂತು, ಆ ಗಿಡ್ಡ ಕೂದಲು ಕೆರೆದುಕೊಂಡು, "ನಾನೇ. ಅವಳಿಗೆ ಏನೂ ಗೊತ್ತಿಲ್ಲ. ಅವಳ ತಂಟೆಗೆ ಬರ್ಬೇಡಿ" ಅಂದುಬಿಟ್ಟೆ. ಇಲ್ಲ ಎನ್ನುವ ಒಂದು ಮಾತು ಸಾಕಿತ್ತು, ಅದು ನಿಜವೂ ಆಗಿತ್ತು. ನಾನು ಬಾಯಿ ತೆರೆದುಕೊಂಡು ನಿನ್ನನ್ನೇ ನೋಡುತ್ತಾ ಕೂತೆ. ಈಗಲೂ ಹಸುವಿಗೆ ಹುಲ್ಲು ಹಾಕುತ್ತಾ ಹಾಕುತ್ತಾ ಅದು ನೆನಪಾಗಿ ಕೈ ನಿಂತುಬಿಡುತ್ತದೆ. ಮನುಷ್ಯರು ಹೀಗೂ ಮಾಡುತ್ತಾರಾ ಸುಮಿತಾ? ನಾನು ಎಲ್ಲೂ ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ನಮ್ಮ ಚಿಕ್ಕಪ್ಪ ವೆಂಕಟೇಶಪ್ಪ ಅದೇ ರೈಲಿನ ಮುಂದಿನ ಬೋಗಿಯಲ್ಲಿ ಓಡಾಡುವವನು. ಸಂಜೆಗೆ ಸುದ್ದಿ ತಂದು ನಮ್ಮ ಜಗಲಿಯ ಮೇಲೆ ಸುರಿದ. ಎಲ್ಲರೂ ನನಗೆ ಅಯ್ಯೋ ಪಾಪ ಅನ್ನುತ್ತಾರೆ. ನಿನಗೆ ಏನನ್ನುತ್ತಾರೆ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ನಿನ್ನ ಹತ್ತಿರ ಫುಟ್‌ಬಾಲ್ ಕಲಿಯುವ ಮಕ್ಕಳು ಹೇಗಿದ್ದಾರೆ? ಅವರ ಸುದ್ದಿಯನ್ನಾದರೂ ಬರೆ.

ನವ್ಯ

*

ಕೋರಮಂಡಲ್
10 ಫೆಬ್ರವರಿ 2025

ನವ್ಯಮ್ಮನವರಿಗೆ,

ನಾನು ಕೊನೆಯ ಸಲ ಕನ್ನಡದಲ್ಲಿ ಪತ್ರ ಬರೆದದ್ದು ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ, ನಮ್ಮ ಬೀದಿಯ ಚರಂಡಿ ಸರಿಪಡಿಸಿ ಎಂದು ನಗರಸಭೆಗೆ. ಅರ್ಧ ಮಾರ್ಕು ಕೊಟ್ಟಿದ್ದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ನಿನಗೋಸ್ಕರ ಕನ್ನಡ. ತಪ್ಪಿದ್ದರೆ ತಿದ್ದಿಕೊಂಡು ಓದು.

ಯಾಕೆ ಹೇಳಿದೆ ಎಂದು ಕೇಳಿದ್ದೀಯ. ಬಾಲು ಕಾಲಿಗೆ ಬಂತು, ಒದ್ದೆ. ಅಷ್ಟಕ್ಕೆ ಹಸುವಿನ ಹುಲ್ಲು ಯಾಕೆ ನಿಲ್ಲಿಸುತ್ತೀಯ, ಅದು ಏನು ತಪ್ಪು ಮಾಡಿದೆ? ನನ್ನ ಕೂದಲು ನೋಡಿದವರು ಪಿಯುಸಿಯಿಂದಲೇ ಗಂಡುಬೀರಿ ಎನ್ನುತ್ತಿದ್ದರು. ಬೆವರಿಗೆ ಅಂಟುತ್ತದೆ ಎಂದು ಕತ್ತರಿಸಿಕೊಂಡ ಕೂದಲಿನಲ್ಲಿ ಅವರು ನನ್ನ ಜಾತಕವನ್ನೇ ಓದಿಬಿಟ್ಟಿದ್ದಾರೆ. ಓದಿಕೊಳ್ಳಲಿ.

ನಮ್ಮಪ್ಪ ಸೆಲ್ವರಾಜ್ ಅವರು ಕೆಲವು ದಿನ ಮಾತು ಬಿಟ್ಟಿದ್ದರು. ಆಮೇಲೆ ಒಂದು ಸಂಜೆ ಆಂಡರ್ಸನ್‌ಪೇಟೆಯಿಂದ ಬಿರಿಯಾನಿ ಕಟ್ಟಿಸಿಕೊಂಡು ಬಂದು ನನ್ನ ಮುಂದೆ ಇಟ್ಟರು. ಅವರ ಕಡೆಯಿಂದ ಅದೇ ರಾಜಿ.

ಮಕ್ಕಳು ಚೆನ್ನಾಗಿದ್ದಾರೆ. ಬೆಳಿಗ್ಗೆ ಗ್ರೌಂಡಿಗೆ ಬರುತ್ತಾರೆ, ಒದೆಯುತ್ತಾರೆ, ಬೀಳುತ್ತಾರೆ. ಆಂಡರ್ಸನ್‌ಪೇಟೆಯ ಶಾಲೆಯವರು ಈ ಹೆಣ್ಣುಮಕ್ಕಳ ತಂಡ ಜೂನ್‌ವರೆಗೆ ಹೀಗೇ ಉಳಿದರೆ ನನ್ನನ್ನು ಕೋಚ್ ಆಗಿ ತೆಗೆದುಕೊಳ್ಳುತ್ತಾರಂತೆ. ಯೋಚಿಸು, ನನ್ನನ್ನು ಮಿಸ್ ಎಂದು ಕರೆಯುತ್ತಾರೆ. ನನಗಂತೂ ರಾತ್ರಿ ಅದನ್ನೇ ನೆನೆದು ನಗು ಬರುತ್ತದೆ.

ಹಾಲಿಗೆ ನೀರು ಹಾಕುವವರನ್ನು ಬಿಡಬೇಡ.

ಸುಮಿತಾ

*

ನಮ್ಮೂರು
17 ಫೆಬ್ರವರಿ 2025

ನನ್ನ ಸುಮಿ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ, ನಿನಗೆ ಜಂಬ ಬರುತ್ತದೆ.

ಇಲ್ಲಿ ಊರ ಹೆಂಗಸರು ರೋಗಿಯನ್ನು ನೋಡಲು ಬರುವ ಹಾಗೆ ಬಂದು ನನ್ನನ್ನು ನೋಡಿ ಹೋಗುತ್ತಾರೆ. ಬಂದವರೆಲ್ಲ ನನ್ನ ಜಡೆ ಮುಟ್ಟುತ್ತಾರೆ. ಇಷ್ಟುದ್ದ ಜಡೆಯ ಹುಡುಗಿ, ಬಳೆ ಹಾಕುತ್ತಾಳೆ, ಹೂ ಮುಡಿಯುತ್ತಾಳೆ, ತಗ್ಗಿಸಿದ ತಲೆ ಎತ್ತಲ್ಲ, ಅಂಥವಳನ್ನು ಆ ಗಂಡುಬೀರಿ ಹೇಗೆ ಕೆಡಿಸಲು ನೋಡಿದಳೋ ಎಂದು ಮಾತಾಡಿಕೊಳ್ಳುತ್ತಾರೆ. ನಾನು ಕಾಫಿ ಕೊಡುತ್ತೇನೆ. ಒಬ್ಬರಿಗೂ, ಒಬ್ಬರಿಗೂ ಸುಮಿ, ಅನುಮಾನ ಬಂದಿಲ್ಲ. ಪಾಪದ ಹುಡುಗಿಗೆ ಬೇಗ ಮದುವೆ ಮಾಡಿಬಿಟ್ಟರೆ ಸರಿಹೋಗುತ್ತದೆ ಎಂದು ಕಾಮಸಮುದ್ರದ ಕಡೆಯ ಒಂದು ಸಂಬಂಧದ ಮಾತು ಎತ್ತಿದ್ದಾರೆ. ಅಪ್ಪ ಹೂಂ ಅಂದಿದ್ದಾರೆ. ಅಮ್ಮ ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಇರಲಿ. ನಾನು ಕೇಳಬೇಕೆಂದಿರುವುದು ಬೇರೆ. ಯಾಕೆ ಹೇಳಿದೆ ಎಂದರೆ ನೀನು ಬಾಲು, ಕಾಲು ಎಂದು ತಮಾಷೆ ಮಾಡಿ ಜಾರಿಕೊಂಡೆ. ಉತ್ತರ ಇಲ್ಲದವರು ಹಾಗೆ ಜಾರಿಕೊಳ್ಳುವುದಿಲ್ಲ, ಇರುವವರು ಜಾರಿಕೊಳ್ಳುತ್ತಾರೆ. ಹಾಲು ಅಳೆಯುತ್ತಾ ಅಳೆಯುತ್ತಾ ನನಗೆ ಒಂದು ಯೋಚನೆ ಬಂತು, ಬಂದದ್ದು ಹೋಗುತ್ತಿಲ್ಲ. ನೀನು ಬೋಗಿಯಲ್ಲಿ ಹೇಳಿದ್ದು ಸುಳ್ಳೇ ಆಗಿರಬೇಕಾ? ಡಿಸೆಂಬರಿನಲ್ಲಿ ಇರಲಿಲ್ಲ ಸರಿ, ಆಮೇಲೆ ಬಂದಿರಬಾರದಾ? ಸುಮ್ಮನೆ ಯಾರಾದರೂ ಅಷ್ಟು ಜನರೆದುರು ಎದ್ದು ನಿಲ್ಲುತ್ತಾರಾ?

ಬೇಗ ಬರೆ. ಪೋಸ್ಟ್‌ಮ್ಯಾನ್ ಸೈಕಲ್ ಶಬ್ದ ಕೇಳಿದರೆ ಹಾಲಿನ ಅಳತೆ ಬಿಟ್ಟು ಬಾಗಿಲಿಗೆ ಓಡುತ್ತೇನೆ.

ನವ್ಯ

*

ನಮ್ಮೂರು
15 ಮಾರ್ಚ್ 2025

ಸುಮಿತಾ,

ಒಂದು ತಿಂಗಳಾಗುತ್ತಾ ಬಂತು. ಕಾಗದ ತಲುಪಲಿಲ್ಲವೋ, ತಲುಪಿತೋ? ನನ್ನ ಪ್ರಶ್ನೆ ಹಿಡಿಸದಿದ್ದರೆ ಬೈದಾದರೂ ಬರೆ. ಪೋಸ್ಟ್‌ಮ್ಯಾನ್ ಈಗ ನನ್ನನ್ನು ಕಂಡ ಕೂಡಲೇ ದೂರದಿಂದಲೇ ಕೈ ಆಡಿಸಿ ಇಲ್ಲ ಎನ್ನುತ್ತಾನೆ.

ನವ್ಯ

*

ಕೋರಮಂಡಲ್
30 ಮಾರ್ಚ್ 2025

ನವ್ಯ,

ತಲುಪಿತ್ತು. ಉತ್ತರ ಒಂದೇ ಮಾತು, ಅದನ್ನು ಬರೆಯುವುದಕ್ಕೆ ನನ್ನಿಂದ ಆಗಲಿಲ್ಲ. ಇವತ್ತು ನಿಮಗೆಲ್ಲ ಯುಗಾದಿ, ಒಬ್ಬಟ್ಟು ತಿನ್ನುವ ದಿನ ಇಂಥ ಕಾಗದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಇಲ್ಲ ನವ್ಯ. ಡಿಸೆಂಬರಿನಲ್ಲಿ ಹೇಳಿದ್ದೇ ಈಗಲೂ. ನನಗೆ ಹುಡುಗರೇ ಇಷ್ಟ, ಅದರಲ್ಲೂ ನನ್ನನ್ನು ಕಂಡರೆ ಓಡಿಹೋಗುವಂಥವರೇ ಇಷ್ಟವಾಗುತ್ತಾರೆ, ಅದು ನನ್ನ ಹಣೆಬರಹ. ಬಂದಿರಬಾರದಾ ಎಂದು ಕೇಳಿದ್ದೀಯಲ್ಲ, ಅದನ್ನು ಓದಿ ನಾನೂ ನನ್ನೊಳಗೆ ಹುಡುಕಿ ನೋಡಿದೆ. ನಿಜವಾಗಲೂ ನೋಡಿದೆ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು.

ಯಾಕೆ ಹೇಳಿದೆ ಎಂದರೆ, ಕಲ್ಪನ ಕೇಳಿದಾಗ ನಾನು ನಿನ್ನ ಮುಖ ನೋಡಿದೆ. ಅವಳು ಇನ್ನೊಂದು ಸಲ ಕೇಳಿದ್ದರೆ ನೀನು ಹೇಳಿಬಿಡುತ್ತಿದ್ದೆ. ಮುಂದಿನ ಬೋಗಿಯಲ್ಲಿ ನಿಮ್ಮ ಚಿಕ್ಕಪ್ಪ, ಸಂಜೆ ಆ ಮನೆಗೆ ಹೋಗಬೇಕಾದವಳು ನೀನು. ನನ್ನದೇನು, ಹೆಸರು ಮೊದಲೇ ಹೋಗಿತ್ತು. ಅಪ್ಪ ಬಿರಿಯಾನಿ ತರುವ ಮನುಷ್ಯ. ಇಷ್ಟೇ ಲೆಕ್ಕ. ಇದನ್ನು ಏನೋ ದೊಡ್ಡದು ಮಾಡಿ ನೀನು ಕೈ ಮುಗಿಯುವುದು ಬೇಡ.

ಕೈ ಮುಗಿಯುವುದಾದರೆ ನಾನು ಮುಗಿಯಬೇಕು. ಆ ದಿನ ಬಾಗಿಲ ಹತ್ತಿರ ನೀನು ಹೇಳಿದೆಯಲ್ಲ, ನಿನ್ನ ದನಿ ನಡುಗಲೇ ಇಲ್ಲ. ಇಷ್ಟೊಂದು ನಿಜವನ್ನು ಒಬ್ಬಳು ನನ್ನನ್ನು ನಂಬಿ ನನ್ನ ಕೈಗೆ ಕೊಟ್ಟಳಲ್ಲ ಎಂದು ಮನೆಯವರೆಗೂ ಅದನ್ನೇ ಯೋಚಿಸುತ್ತಾ ನಡೆದಿದ್ದೆ.

ಮಕ್ಕಳು ಚೆನ್ನಾಗಿದ್ದಾರೆ.

ಸುಮಿತಾ

*

ನಮ್ಮೂರು
16 ಏಪ್ರಿಲ್ 2025

ಸುಳ್ಳುಗಾತಿಗೆ,

ನಿನ್ನ ಇಲ್ಲವನ್ನು ಓದಿ ಅತ್ತೆ. ಹುಲ್ಲಿನ ಬಣವೆಯ ಹಿಂದೆ ಕೂತು ಅತ್ತೆ, ನೆಗಡಿ ಎಂದು ಅಮ್ಮನಿಗೆ ಹೇಳಿದೆ. ಅದು ಬಿಡು. ಬೇರೆ ಯಾರಾದರೂ ಹಾಗೆ ಇಲ್ಲ ಎಂದಿದ್ದರೆ ಸಿಟ್ಟು ಬರುತ್ತಿತ್ತು, ನಿನ್ನ ಮೇಲೆ ಬರಲಿಲ್ಲ.

ಸಿಟ್ಟು ಬಂದಿರುವುದು ಈಗ. ನಿನ್ನೆ ಸಹನ ಬೂದಿಕೋಟೆಯಿಂದ ಹಾಲ್ ಟಿಕೆಟ್ ಕೊಡಲು ಬಂದಿದ್ದಳು. ಕ್ಲಾಸಿನಲ್ಲಿ ಅವಳೊಬ್ಬಳೇ ನಿನ್ನ ಸುದ್ದಿ ಹೇಳುವಾಗ ದನಿ ತಗ್ಗಿಸಿ ನಗದವಳು. ಫೆಬ್ರವರಿಯಿಂದ ನಿನ್ನ ಗ್ರೌಂಡಿಗೆ ಒಂದು ಮಗುವೂ ಬಂದಿಲ್ಲವಂತೆ. ನಿಮ್ಮ ಗಣಿ ಕೆಲಸದವರ ಲೈನ್ ಮನೆಗಳಲ್ಲಿರುವ ಪೆದ್ದಮ್ಮ ಎನ್ನುವ ಮುದುಕಿ ಮೊದಲು ತನ್ನ ಮೊಮ್ಮಗಳನ್ನು ಬಿಡಿಸಿದಳಂತೆ. "ಅಂತೋಳ ಅತ್ರ ಎಣ್ಮಕ್ಳನ್ನ ಬಿಡಾದೆಂಗೆ" ಎಂದು ಮನೆ ಮನೆಗೆ ಹೇಳಿದಳಂತೆ. ಒಬ್ಬೊಬ್ಬರಾಗಿ ಎಲ್ಲರೂ ಬಿಡಿಸಿದರಂತೆ. ನೀನು ಮಾತ್ರ ದಿನಾ ಬೆಳಿಗ್ಗೆ ಹೋಗಿ ಒಬ್ಬಳೇ ಗೋಡೆಗೆ ಬಾಲು ಒದ್ದುಕೊಂಡು ಬರುತ್ತೀಯಂತೆ.

ಹಾಗಾದರೆ ನಿನ್ನ ಕಾಗದದಲ್ಲಿ ಒದೆಯುವ ಬೀಳುವ ಆ ಮಕ್ಕಳು ಯಾರು? ಶಾಲೆಯ ಕೆಲಸ ಯಾವ ತಂಡ ತೋರಿಸಿ ತೆಗೆದುಕೊಳ್ಳುತ್ತೀಯ? ಹೆಸರು ಮೊದಲೇ ಹೋಗಿತ್ತು, ಇಷ್ಟೇ ಲೆಕ್ಕ ಎಂದು ಬರೆದೆಯಲ್ಲ. ಆ ಮಕ್ಕಳ ಶೂ ಲೇಸು ಕಟ್ಟಲು ನೀನು ಮಣ್ಣಿನಲ್ಲಿ ಮೊಣಕಾಲೂರಿ ಕೂರುವುದನ್ನು ನಾನು ನೋಡಿದ್ದೇನೆ.

ಪರೀಕ್ಷೆ ಬರೆಯಲು ಅಪ್ಪ ಒಪ್ಪಿದ್ದಾರೆ, ಚಿಕ್ಕಪ್ಪನ ಕಾವಲಿನಲ್ಲಿ. ಅದೇ ರೈಲು, ಅದೇ ಬೋಗಿ. ನಾನು ಎದ್ದು ನಿಂತು ನಿಜ ಹೇಳುತ್ತೇನೆ.

ನವ್ಯ

*

ಕೋರಮಂಡಲ್
23 ಏಪ್ರಿಲ್ 2025

ನವ್ಯ,

ಬೇಡ.

ಮಕ್ಕಳು ಹೋದದ್ದು ನಿಜ. ನಿನಗೆ ಹೇಳಿದರೆ ನೀನು ಹೀಗೆ ಹೊರಡುತ್ತೀಯ ಎಂದೇ ಹೇಳಲಿಲ್ಲ. ಪೆದ್ದಮ್ಮನ ಮೊಮ್ಮಗಳು ಈಗಲೂ ಕಿಟಕಿಯಿಂದ ಕೈ ಬೀಸುತ್ತಾಳೆ, ಆಮೇಲೆ ಯಾರೋ ಕಿಟಕಿ ಹಾಕುತ್ತಾರೆ. ಆದರೆ ನೀನು ಬಾಯಿ ಬಿಟ್ಟರೆ ನಿನಗೆ ಮನೆಯೂ ಇರುವುದಿಲ್ಲ, ನನ್ನ ಗ್ರೌಂಡಿಗೆ ಮಕ್ಕಳೂ ವಾಪಸ್ಸು ಬರುವುದಿಲ್ಲ.

ಅದು ನಿನ್ನ ಗುಟ್ಟು. ನಿನಗೋಸ್ಕರ ಹೇಳಬೇಕು ಅನ್ನಿಸಿದರೆ ಹೇಳು, ತಡೆಯಲು ನಾನು ಯಾರು? ನನಗೋಸ್ಕರ ಬೇಡ. ಪರೀಕ್ಷೆಯ ದಿನಗಳಲ್ಲಿ ನಾನು ಬಸ್ಸಿನಲ್ಲಿ ಬರುತ್ತೇನೆ. ಪರೀಕ್ಷೆ ಹಾಲಿನಲ್ಲಿ ಸಿಕ್ಕರೂ ಮಾತಾಡಿಸುವುದಿಲ್ಲ, ಗೇಟಿನಲ್ಲಿ ನಿಮ್ಮ ಚಿಕ್ಕಪ್ಪ ಇರುತ್ತಾರೆ.

ಸುಮಿತಾ

*

ನಮ್ಮೂರು
24 ಮೇ 2025

ಸುಮಿ,

ಹೇಳಿಬಿಟ್ಟೆ. ನಿನಗೋಸ್ಕರವೋ ನನಗೋಸ್ಕರವೋ ಎಂದು ಯೋಚಿಸುವಷ್ಟು ತಾಳ್ಮೆ ಇರಲಿಲ್ಲ. ನೀನು ಪರೀಕ್ಷೆ ಹಾಲಿನಲ್ಲಿ ನನ್ನ ಬೆಂಚಿನ ಪಕ್ಕದಿಂದ ತಲೆ ಎತ್ತದೆ ಹೋದೆಯಲ್ಲ, ಅದರ ಮಾರನೆಯ ಬೆಳಿಗ್ಗೆಯೇ ಹೇಳಿದೆ.

ಕಲ್ಪನ ಇದ್ದಳು, ಸಹನ ಇದ್ದಳು, ಹೂ ಕಟ್ಟುವವರೆಲ್ಲ ಇದ್ದರು. ಎದ್ದು ಮೇಲಿನ ಕಂಬಿ ಹಿಡಿದುಕೊಂಡೆ. "ಅವತ್ತು ಕೇಳಿದ್ಯಲ್ಲ ಕಲ್ಪನ, ಅದು ಸುಮಿತಾ ಅಲ್ಲ, ನಾನು. ಎಣ್ಮಕ್ಳ ಮೇಲೆ ಮನಸಿರೋಳು ನಾನು. ನನ್ನ ಉಳಿಸಕ್ಕೆ ಅವ್ಳು ಸುಳ್ಳೇಳಿದ್ಲು" ಅಂದೆ. ನಾನು ಕಣ್ಣು ಮುಚ್ಚಿ ಕಾದೆ, ಯಾರು ಮೊದಲು ಉಗಿಯುತ್ತಾರೋ ಎಂದು.

ಒಬ್ಬರೂ ನಂಬಲಿಲ್ಲ, ಸುಮಿ.

ಕಲ್ಪನ ನನ್ನನ್ನು ಜಡೆಯಿಂದ ಕಾಲ್ಬೆರಳಿನವರೆಗೂ ನೋಡಿ, "ಓಗೇ, ನಿನ್ ಮುಖ ನೋಡು, ಬಳೆ ನೋಡು. ನೀನಂತೆ" ಎಂದು ನಕ್ಕಳು. ಗಾರ್ಮೆಂಟ್ಸ್ ಅತ್ತೆ ಕಣ್ಣು ಒರೆಸಿಕೊಂಡರು. ಗೆಳತಿಯ ಕಳಂಕವನ್ನು ತನ್ನ ತಲೆಗೆ ಎಳೆದುಕೊಳ್ಳುತ್ತಾಳಲ್ಲ, ಎಂಥಾ ಒಳ್ಳೆ ಮನಸ್ಸು, ಇಂಥ ಹುಡುಗಿಯನ್ನು ಹೆತ್ತವರು ಪುಣ್ಯ ಮಾಡಿರಬೇಕು ಅಂದರು. ಹೂ ಕಟ್ಟುತ್ತಿದ್ದವರೊಬ್ಬರು ಒಂದು ತುಂಡು ಕನಕಾಂಬರ ಹರಿದು ನನ್ನ ಜಡೆಗೆ ಮುಡಿಸಿಯೇಬಿಟ್ಟರು. ನಿಜ, ನಿಜ ಎಂದು ನಾನು ಹೇಳಿದಷ್ಟೂ ಅವರಿಗೆ ನನ್ನ ಮೇಲೆ ಪ್ರೀತಿ ಹೆಚ್ಚಾಯಿತು. ನೀನು ಸುಳ್ಳು ಹೇಳಿದಾಗ ಥೂ ಎಂದವರು ನಾನು ನಿಜ ಹೇಳಿದರೆ ಹೂ ಮುಡಿಸುತ್ತಾರೆ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಸಂಜೆ ಚಿಕ್ಕಪ್ಪ ಇದನ್ನು ನನ್ನ ಗುಣಗಾನ ಎಂದು ಮನೆಯಲ್ಲಿ ಹೇಳಿದ. ಅಪ್ಪ ಮುನಿಸ್ವಾಮಪ್ಪನವರು ನನ್ನ ತಲೆ ಸವರಿ, ಸ್ನೇಹ ಇರಬೇಕು, ಆದರೂ ಇಂಥ ಮಾತನ್ನು ಬಾಯಲ್ಲಿ ಆಡಬಾರದು ಎಂದು ಬುದ್ಧಿ ಹೇಳಿದರು. ಎಲ್ಲರೂ ನಗುತ್ತಿದ್ದರು. ಅಮ್ಮ ಹಾಲು ಕರೆಯಲು ಹೋದವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕರು ಬಿಚ್ಚಿಕೊಂಡು ಹಾಲೆಲ್ಲ ಕುಡಿದುಬಿಟ್ಟಿತು, ಅವಳಿಗೆ ಗೊತ್ತೇ ಆಗಲಿಲ್ಲ.

ಆಮೇಲೆ ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದಳು, ಆ ಹುಡುಗಿ ಮಕ್ಕಳಿಗೆ ಆಟ ಆಡಿಸುವ ಜಾಗ ಯಾವುದು ಎಂದು. ಹೇಳಿದೆ. ಅಂದಿನಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. ಇವಳು ಇನ್ನೂ ಆ ಸಹವಾಸ ಬಿಟ್ಟಿಲ್ಲ ಎಂದು ಅಸಹ್ಯಪಟ್ಟಿರಬೇಕು. ಕಾಮಸಮುದ್ರದವರು ಜೂನ್‌ನಲ್ಲಿ ಹೆಣ್ಣು ನೋಡಲು ಬರುತ್ತಾರಂತೆ. ನಾನು ಸೋತೆ ಸುಮಿ. ನಿನ್ನ ಹೆಸರನ್ನು ನಿನಗೆ ವಾಪಸ್ಸು ಕೊಡಲು ನನ್ನಿಂದ ಆಗಲಿಲ್ಲ.

ನವ್ಯ

*

ಕೋರಮಂಡಲ್
12 ಜೂನ್ 2025

ನವ್ಯ,

ಇದನ್ನು ನಿಂತು ಓದಬೇಡ, ಎಲ್ಲಾದರೂ ಕೂತುಕೋ.

ನೀನು ಕಂಬಿ ಹಿಡಿದು ಹೇಳಿದ್ದನ್ನು ಸಹನ ನನಗೂ ಹೇಳಿದ್ದಳು. ಅವಳು ನಂಬಿದ್ದಾಳೆ, ಅದು ನಿನಗೆ ಗೊತ್ತಿರಲಿ. ನಾನು ನಿನಗೆ ಬೈಯಲು ಕಾಗದ ತೆಗೆದವಳು ಬೈಯಲಾರದೆ ಇಟ್ಟುಬಿಟ್ಟಿದ್ದೆ. ಈಗ ಬರೆಯುತ್ತಿರುವುದು ಬೇರೆ ವಿಷಯ.

ಹೋದ ವಾರ ಬೆಳಿಗ್ಗೆ ಗ್ರೌಂಡಿನಲ್ಲಿ ಒಬ್ಬಳೇ ಇದ್ದೆ. ಒಬ್ಬರು ಹೆಂಗಸು ವೈರ್ ಬ್ಯಾಗ್ ಹಿಡಿದುಕೊಂಡು ಬಸ್ಸಿಳಿದು ನಡೆದು ಬಂದರು. ಬೆವರು ಇಳಿಯುತ್ತಿತ್ತು. "ನೀನೇನಾ ಸುಮಿತಾ? ನಾನು ನವ್ಯನ ತಾಯಿ, ಶಶಿರೇಖ" ಅಂದರು. ಹೊಡೆಯಲು ಚಪ್ಪಲಿ ಬಿಚ್ಚುತ್ತಾರೆ ಎಂದುಕೊಂಡೆ. ಅವರು ನನ್ನ ಮುಖವನ್ನು, ಕೂದಲನ್ನು, ಕಾಲಿನ ಶೂವನ್ನು ನಿಧಾನವಾಗಿ ನೋಡಿದರು. ಆಮೇಲೆ ಆ ಮಕ್ಕಳ ಮನೆಗಳನ್ನು ತೋರಿಸು ಅಂದರು.

ನಾನು ಬೇಡಮ್ಮ ಎಂದೆ. ಕೇಳಲಿಲ್ಲ. ಪೆದ್ದಮ್ಮನ ಬಾಗಿಲಿಗೇ ಮೊದಲು ಕರೆದುಕೊಂಡು ಹೋಗಬೇಕಾಯಿತು. ಲೈನಿನ ಹೆಂಗಸರೆಲ್ಲ ನೀರು ಹಿಡಿಯುತ್ತಿದ್ದ ಹೊತ್ತು, ಕೊಡ ಬಿಟ್ಟು ಹತ್ತಿರ ಬಂದರು. ನಿಮ್ಮಮ್ಮ ದನಿ ಏರಿಸಲಿಲ್ಲ. ಹಾಲಿನ ರೇಟು ಹೇಳುವ ಹಾಗೆ ಹೇಳಿದರು.

"ಈ ಉಡ್ಗಿ ಸುಳ್ಳೇಳವ್ಳೆ. ರೈಲಲ್ಲಿ ನಿಜ ಏಳಿದ್ದು ನನ್ ಮಗಳು. ಎಲ್ರೂ ನಕ್ರು, ನಂಗೆ ನಗು ಬರ್ಲಿಲ್ಲ. ನೀವು ಅಂತೋಳು ಅಂತ ಯಾರ್ನ ಅಂತೀರೋ, ಅದು ನನ್ ಮಗಳು. ಎತ್ತೋಳು ನಾನು, ನಂಗೊತ್ತು."

ಪೆದ್ದಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಹೆತ್ತ ಮಗಳ ಬಗ್ಗೆ ನೀನೇ ಬೀದಿಯಲ್ಲಿ ನಿಂತು ಹೀಗನ್ನುತ್ತೀಯಲ್ಲ, ನಾಚಿಕೆ ಆಗುವುದಿಲ್ಲವಾ ಎಂದು ಕೇಳಿದರು.

"ಆಯ್ತು. ನಾಚ್ಕೆ ಆಗೇ ಬಂದೆ. ಯಾರೋ ಎತ್ತ ಕೂಸು ನನ್ ಮಗಳ ಭಾರ ಒತ್ಕಂಡು ಊರೆಲ್ಲಾ ಉಗಿಸ್ಕಂತಿರ್ವಾಗ, ನಾನು ಮನೇಲಿ ಆಲು ಕರ್ಕಂಡು ಕುಂತಿದ್ನಲ್ಲ, ಅದಕ್ಕೆ ನಾಚ್ಕೆ ಆಯ್ತು." ಮತ್ತೆ ಹೇಳಿದರು. "ನನ್ ಮಗಳೂ ಕೆಟ್ಟೋಳಲ್ಲ. ನಾಳೆ ಅವ್ಳ ಕೈಗೆ ಕೊಟ್ರೂ ನಿಮ್ಮಕ್ಳು ನಿಮ್ಮನೇಲಿದ್ದಂಗೇ ಇರ್ತವೆ."

ಅಷ್ಟೇ. ನಾನು ಅಳಲಿಲ್ಲ ಎಂದು ಬರೆಯಬೇಕೆಂದಿದ್ದೆ, ಸುಳ್ಳು ಹೇಳಿದ್ದು ಸಾಕಾಗಿದೆ. ನವ್ಯ, ನಮ್ಮ ತಾತ ಈ ಗಣಿಯಲ್ಲಿ ಎಷ್ಟೋ ಆಳಕ್ಕೆ ಇಳಿದು ಬಂದವರು. ಕೆಳಗೆ ಹೋಗುವ ಮೊದಲ ದಿನ ದೊಡ್ಡ ದೊಡ್ಡ ಗಂಡಸರ ಕಾಲೂ ನಡುಗುತ್ತಿತ್ತು ಎಂದು ಹೇಳುತ್ತಿದ್ದರು. ನಿಮ್ಮಮ್ಮನ ಕಾಲೂ ನಡುಗುತ್ತಿತ್ತು, ಸೀರೆಯ ಅಂಚಿನಲ್ಲಿ ನನಗೆ ಕಂಡಿತು. ನನ್ನ ಜೀವಮಾನದಲ್ಲಿ ನಾನು ಅಂಥ ಇನ್ನೊಬ್ಬರನ್ನು ನೋಡುತ್ತೇನೋ ಇಲ್ಲವೋ.

ಕಾಫಿ ಬೇಡ ಅಂದರು, ನೀರು ಕುಡಿದರು. ಹಿಂಡಿ ತರಲು ಬಂಗಾರಪೇಟೆಗೆ ಎಂದು ಮನೆಯಲ್ಲಿ ಹೇಳಿ ಬಂದಿದ್ದಾರಂತೆ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ನಿನಗೆ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಮಾತು ಮುರಿದಿದ್ದೇನೆ.

ಮಾರನೆಯ ಬೆಳಿಗ್ಗೆ ಪೆದ್ದಮ್ಮನೇ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಆಟ ಮುಗಿಯುವವರೆಗೂ ಗ್ರೌಂಡಿನ ಅಂಚಿನಲ್ಲಿ ಕೂತಿದ್ದರು, ಕಾವಲಿಗೋ ನೋಡುವುದಕ್ಕೋ ಗೊತ್ತಿಲ್ಲ. ಈಗ ಇನ್ನೂ ಕೆಲವರು ಬರುತ್ತಿದ್ದಾರೆ. ಕೆಲವರ ಬಾಗಿಲು ಇನ್ನೂ ಹಾಕಿದೆ. ಶಾಲೆಯವರು ಇನ್ನು ಸ್ವಲ್ಪ ಕಾಯುತ್ತೇವೆ ಅಂದಿದ್ದಾರೆ. ಈ ಸಲ ಮಕ್ಕಳ ವಿಷಯ ಬರೆದಿರುವುದೆಲ್ಲ ನಿಜ.

ಸುಮಿತಾ

*

ನಮ್ಮೂರು
17 ಜೂನ್ 2025

ಸುಮಿ,

ಡೈರಿಯಲ್ಲಿ ನಿಂತೇ ಓದಿದೆ, ನೀನು ಹೇಳಿದ್ದು ಕೇಳಲಿಲ್ಲ. ಹಾಲು ತಂದವರು ಕ್ಯಾನ್ ಹಿಡಿದು ಸಾಲಿನಲ್ಲಿ ಕಾಯುತ್ತಿದ್ದರು. ಅವರನ್ನು ಹಾಗೇ ಬಿಟ್ಟು ಮನೆಗೆ ಓಡಿದೆ.

ಅಮ್ಮ ಕೊಟ್ಟಿಗೆಯಲ್ಲಿ ಹಿಂಡಿ ಕಲಸುತ್ತಿದ್ದಳು. ದಿನಾ ನೋಡುವ ಅಮ್ಮ, ಅದೇ ಮಾಸಿದ ಸೀರೆ. ಮುಂದೆ ಹೋಗಲು ನನಗೆ ಹೆದರಿಕೆಯಾಯಿತು. ದೇವರ ಮನೆಯ ಬಾಗಿಲಲ್ಲೂ ನನಗೆ ಎಂದೂ ಹಾಗಾಗಿರಲಿಲ್ಲ. ಅವಳು ನನ್ನ ಕೈಯಲ್ಲಿದ್ದ ಕಾಗದ ನೋಡಿ, ಆ ಹುಡುಗಿಯ ಬಾಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ ಎಂದು ನಿನಗೆ ಬೈದಳು. ಕಾಮಸಮುದ್ರದವರಿಗೆ ಬರಬೇಡಿ ಎಂದು ಆಗಲೇ ಹೇಳಿ ಕಳಿಸಿದ್ದಾಳಂತೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳುತ್ತೇನೆ, ಇವತ್ತಲ್ಲ, ಅದಕ್ಕೆ ಇನ್ನೂ ಸ್ವಲ್ಪ ಧೈರ್ಯ ಬೇಕು ಅಂದಳು. ನನ್ನೊಳಗೆ ಇರುವುದು ಅವಳಿಗೆ ಅರ್ಥವಾಗಿಲ್ಲವಂತೆ, ಅದನ್ನೂ ಹೇಳಿದಳು. ಅರ್ಥವಾಗಲು ನಿಧಾನವಾಗುತ್ತದೆ, ನೀನು ಅವಸರ ಮಾಡಬೇಡ ಅಂದಳು.

ಮತ್ತೆ ಹಿಂಡಿ ಕಲಸತೊಡಗಿದಳು. ನಾನು ಕಂಬಕ್ಕೆ ಒರಗಿ ನಿಂತೇ ಇದ್ದೆ. ತಲೆ ಎತ್ತದೆಯೇ ಕೇಳಿದಳು.

"ಅವ್ಳು ನಿನ್ನ ಬ್ಯಾಡ ಅಂದ್ಲಾ?"

ನನಗೆ ಒಂದು ಕ್ಷಣ ಏನು ಕೇಳಿದಳೆಂದೇ ತಿಳಿಯಲಿಲ್ಲ. ತಿಳಿದ ಮೇಲೆ ಹೂಂ ಅಂದೆ.

"ನೆಗಡಿ ಅಂದಿದ್ದು ಅದಕ್ಕೇನಾ?"

ಹೂಂ ಅಂದೆ.

ಅಮ್ಮ ಕೈ ತೊಳೆಯಲಿಲ್ಲ, ಸೆರಗಿಗೆ ಒರೆಸಿಕೊಂಡಳು. ಅಲ್ಲೇ ಹುಲ್ಲಿನ ಮೇಲೆ ಕೂತು ನನ್ನನ್ನು ಎಳೆದು ತೊಡೆಯ ಮೇಲೆ ಮಲಗಿಸಿಕೊಂಡು, "ಅಯ್ಯೋ ನನ್ ಕೂಸೇ, ಒಬ್ಳೇ ಅತ್ತಾ?" ಅಂದಳು. ಯಾವ ತಾಯಿಯಾದರೂ ಯಾವ ಮಗಳಿಗಾದರೂ ಕೇಳುವ ಹಾಗೆ ಕೇಳಿದಳು ಸುಮಿ. ನಾನು ಅತ್ತೆ. ಹಸು ಹಿಂಡಿಗಾಗಿ ಕೂಗುತ್ತಲೇ ಇತ್ತು, ಅಮ್ಮ ಏಳಲಿಲ್ಲ.

ನವ್ಯ